ಸಂಡಿಗೆ ನೆನೆದರೆ ನೆನೆಯಲಿ

ಏಪ್ರಿಲ್ ಬಂತು ಅಂದರೆ ನಮ್ಮ ಮಲೆನಾಡಿನ ಅಂಗಳದ ತುಂಬ ಹಪ್ಪಳ, ಸಂಡಿಗೆ. ಮಧ್ಯಾಹ್ನದವರೆಗೂ ಸುಡುಬಿಸಿಲು. ಮೂರು ಗಂಟೆಯ ಹೊತ್ತಿಗೆ ಗುಡ್ಡದ ಹಿಂದೆ ಮೋಡ ಕಟ್ಟಿ ಒಂದು ಗುಡುಗು ಕೇಳಿಸಿದರೆ ಹೆಂಗಸರೆಲ್ಲ ಅಂಗಳಕ್ಕೆ ಓಡುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಓಡಿದವಳು. ಒಮ್ಮೆ ಹಲಸಿನ ಹಪ್ಪಳದ ಚಾಪೆ ಸುತ್ತಿಕೊಂಡು ಜಗಲಿ ಹತ್ತಿದ್ದೆ ಅಷ್ಟೆ, ಬಚ್ಚಲ ಹಿಂದಿನ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ರಾತ್ರಿಯವರೆಗೂ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಮರದ ಸುಳಿ ಆಮೇಲೆ ಒಣಗಿಯೇ ಹೋಯಿತು.

ಮಳೆ ಬಂದ ಮೇಲೆ ಒಳಗೆ ಹೋದರಾಯಿತು ಅನ್ನುವುದೇ ತಪ್ಪು ಲೆಕ್ಕ. ಗುಡುಗು ಕೇಳುವಷ್ಟು ಹತ್ತಿರ ಇದ್ದರೆ ಸಿಡಿಲು ನಿಮ್ಮ ಅಂಗಳಕ್ಕೂ ಬರಬಹುದು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. ಮಿಂಚಿದ ಮೇಲೆ 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು 10 ಕಿಲೋಮೀಟರ್ ಒಳಗೇ ಇದೆ. ನಮ್ಮಜ್ಜಿ 'ಅರ್ಜುನ, ಫಲ್ಗುಣ' ಹೇಳಿಸುತ್ತಿದ್ದರು. ನಾನು ಮೊಮ್ಮಕ್ಕಳಿಗೆ ಅದನ್ನೂ ಹೇಳಿಸುತ್ತೇನೆ, ಎಣಿಸುವುದನ್ನೂ ಕಲಿಸಿದ್ದೇನೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಯಾರೂ ಹೊರಗೆ ಇಳಿಯುವಂತಿಲ್ಲ.

ಅಂಗಳಕ್ಕೆ ಕತ್ತಿ ಎಸೆಯುವ ರೂಢಿ ನಮ್ಮಲ್ಲೂ ಇತ್ತು. ಕತ್ತಿಯಿಂದ ಸಿಡಿಲೇನೂ ತಪ್ಪುವುದಿಲ್ಲ. ಅದನ್ನು ಎಸೆಯಲು ಹೊರಗೆ ಹೋಗುತ್ತೀರಲ್ಲ, ಅಪಾಯ ಅಲ್ಲಿದೆ.

ಟಿವಿ, ಫ್ರಿಜ್, ಇಂಟರ್ನೆಟ್ ಪೆಟ್ಟಿಗೆಯ ಪ್ಲಗ್ಗನ್ನು ಮೋಡ ಕಟ್ಟುವಾಗಲೇ ಕಿತ್ತಿಡಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಡಿಶ್‌ನ ಕೇಬಲ್ಲನ್ನೂ ಬಿಡಿಸಿ. ಸಿಡಿಲು ನೆತ್ತಿಯ ಮೇಲೆ ಬಂದ ಮೇಲೆ ಮಾತ್ರ ಪ್ಲಗ್ಗಿಗೆ ಕೈ ಹಾಕಬೇಡಿ. ಟಿವಿ ಸುಟ್ಟರೆ ಸುಡಲಿ. ಸ್ನಾನ, ಪಾತ್ರೆ ತೊಳೆಯುವುದು ಎರಡೂ ಆಮೇಲೆ, ನಲ್ಲಿಯ ಕೊಳವೆಯಲ್ಲೂ ಕರೆಂಟು ಹರಿದು ಬರುತ್ತದೆ. ಕಾಫಿ ಹಿಡಿದು ಜಗಲಿಯಲ್ಲಿ ಮಳೆ ನೋಡುವುದು ನನಗೂ ಇಷ್ಟವೇ, ಆದರೆ ಗುಡುಗು ಇರುವಾಗ ನಡುಮನೆಯೇ ವಾಸಿ. ಕಿಟಕಿಯ ಸರಳು ಹಿಡಿದು ನಿಲ್ಲಬೇಡಿ. ಮೊಬೈಲು ಸಿಡಿಲನ್ನು ಎಳೆಯುತ್ತದೆ ಅನ್ನುವುದು ಸುಳ್ಳು, ಚಾರ್ಜಿಗೆ ಹಾಕಿಕೊಂಡು ಮಾತಾಡಬಾರದು ಅಷ್ಟೆ.

ತೋಟದಲ್ಲಿದ್ದವರು ಮರದ ಬುಡಕ್ಕೆ ಹೋಗಬೇಡಿ. ಮರಕ್ಕೆ ಬಡಿದದ್ದು ಪಕ್ಕಕ್ಕೂ ಹಾರುತ್ತದೆ, ನೆಲದಲ್ಲೂ ಹರಿಯುತ್ತದೆ. ಮರದಡಿ ನಿಂತ ದನ ಸಾಲಾಗಿ ಸಾಯುವುದು ಅದಕ್ಕೇ. ಹತ್ತಿರ ಕಾರು ಇದ್ದರೆ ಹತ್ತಿ ಗಾಜು ಏರಿಸಿ. ಏನೂ ಸಿಗದಿದ್ದರೆ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕುಳಿತುಕೊಳ್ಳಿ, ಮಲಗಬೇಡಿ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಅಂತ ಜನ ದೂರ ನಿಲ್ಲುತ್ತಾರೆ. ಹಾಗೇನೂ ಆಗುವುದಿಲ್ಲ, ಮುಟ್ಟಿ. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ಜೋರಾಗಿ, ಬೇಗ ಬೇಗ ಒತ್ತುತ್ತಲೇ ಇರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಹೋದ ವರ್ಷ ನನ್ನ ಎರಡು ಚಾಪೆ ಅಕ್ಕಿ ಸಂಡಿಗೆ ಅಂಗಳದಲ್ಲೇ ಕರಗಿ ಗಂಜಿಯಾಯಿತು. ಬಾಚಿ ದನದ ಬಾನಿಗೆ ಹಾಕಿದೆ.