ಆ್ಯಪ್ ಮಾಡಿದವರೇ, ಸ್ವಲ್ಪ ಹೊತ್ತು ಸುಮ್ನೆ ಕೂರಿ

ಆ್ಯಪ್ ಮಾಡಿದವರು ಅದನ್ನು ನಾಲ್ಕು ಜನರಿಗೆ ತೋರಿಸಿ ‘ಹೇಗಿದೆ?’ ಅಂತ ಕೇಳುತ್ತಾರೆ. ಊಟ ಬಡಿಸಿದವರೇ ಎದುರು ನಿಂತು ಕೇಳಿದರೆ ಸಾರಿಗೆ ಉಪ್ಪು ಜಾಸ್ತಿ ಅಂತ ಯಾರು ಹೇಳ್ತಾರೆ? ಕೇಳಬೇಡಿ. ಅವರು ಬಳಸುವುದನ್ನು ನೋಡಿ.

ಮೊದಲು ಐದು ಜನರನ್ನು ಹುಡುಕಿ. ಆಫೀಸಿನವರು ಬೇಡ, ಅವರಿಗೆ ಎಲ್ಲಿ ಏನಿದೆ ಅಂತ ಮೊದಲೇ ಗೊತ್ತು. ಐದು ಸಾಕಾ? ಸುಮಾರು ಶೇ 85ರಷ್ಟು ತೊಂದರೆಗಳು ಐದೇ ಜನರಲ್ಲಿ ಕಾಣುತ್ತವೆ ಅಂತ, ವೆಬ್‌ಸೈಟು, ಸಾಫ್ಟ್‌ವೇರ್ ಬಳಸಲು ಸುಲಭವೇ ಅಂತ ಪರೀಕ್ಷಿಸುವುದರಲ್ಲಿ ಹೆಸರಾದ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ಲೆಕ್ಕ ಎಲ್ಲ ಕಡೆ ಹಾಗೇ ಬರಬೇಕೆಂದಿಲ್ಲ, ಆದರೆ ಶುರುಮಾಡಲು ಧಾರಾಳ ಸಾಕು.

ಫೋನು ಅವರದೇ ಇರಲಿ. ನಿಮ್ಮ ಹೊಸ ಫೋನಿನಲ್ಲಿ ಎಲ್ಲವೂ ಚೆಂದ. ಅಕ್ಷರ ದೊಡ್ಡದು ಮಾಡಿಕೊಂಡ ಅವರ ಫೋನಿನಲ್ಲಿ ಬಟನ್ನಿನ ಕನ್ನಡ ಅರ್ಧಕ್ಕೇ ತುಂಡಾಗಿರುತ್ತದೆ, ಸಾಲಿನ ಎತ್ತರ ಸಾಲದೆ ಒತ್ತಕ್ಷರದ ಬುಡ ಕತ್ತರಿಸಿರುತ್ತದೆ.

ಆ್ಯಪ್‌ನಲ್ಲಿ ಮಾಡಿ ನೋಡಲು ಅವರಿಗೆ ಕೆಲಸ ಕೊಡುವಾಗ ಬಟನ್ ಮೇಲಿನ ಪದ ನಿಮ್ಮ ಬಾಯಿಂದ ಬರಬಾರದು. ‘ಅಪಾಯಿಂಟ್‌ಮೆಂಟ್ ಬುಕ್ ಮಾಡಿ’ ಅಂದರೆ ಉತ್ತರ ಹೇಳಿಕೊಟ್ಟ ಹಾಗೆ. ‘ನಾಳೆ ಬೆಳಿಗ್ಗೆ ಹಲ್ಲಿನ ಡಾಕ್ಟರನ್ನ ನೋಡಬೇಕು, ಏನು ಮಾಡ್ತೀರಿ?’ ಅನ್ನಿ.

ಇನ್ನು ಎಲ್ಲರೂ ಎಡವುವ ಜಾಗ: ಬಾಯಿ ಮುಚ್ಚಿಕೊಂಡು ಕೂರುವುದು.

ಒಂದು ಕ್ಲಿನಿಕ್ಕಿನ ಆ್ಯಪ್ ಪರೀಕ್ಷೆಗೆ ಹೋಗಿದ್ದೆ. ಅರವತ್ತರ ಆಸುಪಾಸಿನ ಒಬ್ಬರು ‘ಕೊನೆಯ ಹೆಸರು’ ಅನ್ನುವ ಕಡ್ಡಾಯ ಖಾನೆಯ ಮುಂದೆ ನಿಂತರು. ನಮ್ಮಲ್ಲಿ ಎಷ್ಟೋ ಜನಕ್ಕೆ ಇರುವುದು ಒಂದು ಇನಿಷಿಯಲ್ ಮಾತ್ರ, ಅಲ್ವಾ? ‘ಯಾವುದು ಹಾಕಲಪ್ಪಾ, ಯಜಮಾನರದ್ದಾ?’ ಅಂದರು. ಪಕ್ಕದಲ್ಲಿ ಕೂತು ನೋಡುತ್ತಿದ್ದ ಆ್ಯಪ್ ತಂಡದ ಹುಡುಗ ತಡೆಯಲಾರದೆ ‘ಒಂದು ಚುಕ್ಕೆ ಹಾಕಿಬಿಡಿ ಆಂಟಿ’ ಅಂದ. ಅವರು ಚುಕ್ಕೆ ಹಾಕಿದರು. ಹುಡುಗ ‘ಫಾರ್ಮ್ ಸರಿಯಿದೆ’ ಅಂತ ಬರೆದುಕೊಂಡ! ಅಲ್ಲಿ ಬೇಕಿದ್ದದ್ದು ‘ಹೆಸರು’ ಅನ್ನುವ ಒಂದೇ ಖಾನೆ.

ಆದ್ದರಿಂದ ಎದುರಿಗೆ ಕೂರದೆ ಪಕ್ಕದಲ್ಲಿ, ಒಂಚೂರು ಹಿಂದೆ ಕೂರಿ. ಕೈಯಲ್ಲಿ ಪೆನ್ನು, ಪುಸ್ತಕ ಇರಲಿ, ಇಲ್ಲದಿದ್ದರೆ ಬೆರಳು ಅವರ ಫೋನಿಗೆ ಹೋಗುತ್ತದೆ. ‘ಪರೀಕ್ಷೆ ನಿಮಗಲ್ಲ, ಆ್ಯಪ್‌ಗೆ’ ಅಂತ ಮೊದಲೇ ಹೇಳಿ. ‘ಇದನ್ನ ಒತ್ತಲಾ?’ ಅಂದರೆ ‘ನಾನಿಲ್ಲದಿದ್ದರೆ ಏನು ಮಾಡ್ತಿದ್ರಿ?’ ಅಷ್ಟೇ. ಆಮೇಲೆ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ಬಹಳ ಕಷ್ಟ ಇದು, ಹತ್ತಕ್ಕೇ ನಾಲಿಗೆ ತುರಿಸುತ್ತದೆ. ನಿಜಕ್ಕೂ ಸಿಕ್ಕಿಕೊಂಡರೆ ದಾರಿ ತೋರಿಸಬೇಡಿ, ಅದನ್ನು ಬಿಟ್ಟು ಮುಂದಿನ ಕೆಲಸ ಕೊಡಿ. ‘ನನಗೇ ಗೊತ್ತಾಗಲ್ಲ ಬಿಡಿ’ ಅಂದರೆ ಯಾವ ಪರದೆ ನೋಡಿ ಅಂದರು ಅಂತ ಬರೆದುಕೊಳ್ಳಿ. ತಪ್ಪಿರುವುದು ಆ ಪರದೆಯಲ್ಲಿ.

ಯಾರು ಎಲ್ಲಿ ಒತ್ತಿದರು ಅಂತ ಕೆಂಪು, ಹಳದಿ ಬಣ್ಣದಲ್ಲಿ ತೋರಿಸುವ ಸಾಫ್ಟ್‌ವೇರ್‌ಗಳಿವೆ. ನೋಡಲು ಚೆಂದ. ಯಾಕೆ ಒತ್ತಿದರು ಅಂತ ಅವು ಹೇಳುವುದಿಲ್ಲ. ಶುರುವಿಗೇ ಅದಕ್ಕೆ ದುಡ್ಡು ಸುರಿಯಬೇಡಿ.

ಕೊನೆಗೆ, ಇಬ್ಬರು ಮೂವರು ಎಡವಿದ ಜಾಗಗಳನ್ನು ಮೊದಲು ಸರಿಮಾಡಿ. ಮರುಪರೀಕ್ಷೆಗೆ ಬೇರೆ ಐವರನ್ನು ಕರೆಯಿರಿ. ಹಳಬರು ಅಷ್ಟರಲ್ಲಿ ಚುಕ್ಕೆ ಹಾಕುವುದನ್ನು ಕಲಿತುಬಿಟ್ಟಿರುತ್ತಾರೆ.