ಕ್ಲಬ್ ಕೈ ಬದಲಾಗುವಾಗ ತಲೆ ಕೆಡಿಸಿಕೊಳ್ಳದೆ ಇರುವುದು ಹೇಗೆ

2023ರ ಸೆಪ್ಟೆಂಬರ್‌ನಲ್ಲಿ ನಾನು ಆಫೀಸಿನಲ್ಲಿ ಮೈಸೂರು ಪಾಕ್ ಹಂಚಿದ್ದೆ. ನಾನು ಬೆಂಬಲಿಸುವ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಎವರ್ಟನ್ ಅನ್ನು ಅಮೆರಿಕದ ಹೂಡಿಕೆ ಕಂಪನಿ 777 ಪಾರ್ಟ್‌ನರ್ಸ್ ಕೊಳ್ಳುತ್ತಿದೆ ಅಂತ ಆಗಷ್ಟೇ ಸುದ್ದಿ ಬಂದಿತ್ತು. ಮಾಲೀಕ ಫರ್ಹಾದ್ ಮೊಶಿರಿ ತಮ್ಮ 94.1% ಷೇರು ಮಾರಲು ಒಪ್ಪಿದ್ದರು. ಇನ್ನು ನಮ್ಮ ಗ್ರಹಚಾರ ಕಳೆಯಿತು ಅಂದುಕೊಂಡೆ. 2024ರ ಮೇ ಮುಗಿಯುವ ಹೊತ್ತಿಗೆ ಆ ವ್ಯವಹಾರ ಮುರಿದುಬಿತ್ತು. ಪಕ್ಕದ ಸೀಟಿನವನು ಇವತ್ತಿಗೂ ಬಿಟ್ಟಿಲ್ಲ, ಯಾವುದಾದರೂ ಪಾರ್ಟಿ ಅಂದ್ರೆ ಸಾಕು, "ನಿಮ್ಮ ಕ್ಲಬ್ ಮಾರಾಟ ಆಯ್ತಾ ಸಾರ್?" ಅಂತಾನೆ.

ಹಾಗಾಗಿ ಇದು ಪೆಟ್ಟು ತಿಂದವನ ಗೈಡ್. ನಿಮ್ಮ ಕ್ಲಬ್ ಮಾರಾಟಕ್ಕಿದೆ, ಟೀಮ್ ನಡೆಸುವ ಮ್ಯಾನೇಜರ್ (ಅಂದ್ರೆ ಮುಖ್ಯ ಕೋಚ್) ಕುರ್ಚಿ ಅಲ್ಲಾಡುತ್ತಿದೆ, ರಾತ್ರಿ ಒಂದು ಗಂಟೆಗೆ ಮ್ಯಾಚ್ ನೋಡಿ ಬೆಳಿಗ್ಗೆ ಕೆಲಸಕ್ಕೆ ಹೋಗುವ ನಿಮಗೆ ಏನು ನಂಬಬೇಕು ಅಂತ ಗೊತ್ತಾಗುತ್ತಿಲ್ಲ ಅಂದ್ರೆ, ಓದಿ.

ಅಗ್ರಿಮೆಂಟ್ ಬೇರೆ, ರಿಜಿಸ್ಟ್ರೇಷನ್ ಬೇರೆ

ಬೆಂಗಳೂರಲ್ಲಿ ಸೈಟ್ ತಗೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡ ಮಾತ್ರಕ್ಕೆ ಸೈಟ್ ನಮ್ಮದಾಗಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿ, ಖಾತೆ ನಮ್ಮ ಹೆಸರಿಗೆ ಬರುವ ತನಕ ಏನು ಬೇಕಾದರೂ ಆಗಬಹುದು. ಕ್ಲಬ್ ಮಾರಾಟವೂ ಹಾಗೇ.

ಮೊದಲು "ಆಸಕ್ತಿ ಇದೆ" ಅನ್ನುತ್ತಾರೆ. ಆಮೇಲೆ "ಮಾತುಕತೆ ನಡೆದಿದೆ". ಆಮೇಲೆ "ಒಪ್ಪಂದ ಆಗಿದೆ". ಪೇಪರಿನವರು ಟೇಕೋವರ್ ಅಂತ ದೊಡ್ಡ ಅಕ್ಷರದಲ್ಲಿ ಹಾಕೋದು ಇಲ್ಲೇ, ನಾನು ಪಾಕ್ ಹಂಚಿದ್ದೂ ಇಲ್ಲೇ. ಆದರೆ ಇದರ ಮುಂದೆ ಇನ್ನೊಂದು ಬಾಗಿಲಿದೆ. ಇಂಗ್ಲೆಂಡಿನ ಅತಿ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗಿನಲ್ಲಿ ಕ್ಲಬ್ ಕೊಳ್ಳುವವರು ಮಾಲೀಕರ ಮತ್ತು ನಿರ್ದೇಶಕರ ಪರೀಕ್ಷೆ ಪಾಸಾಗಬೇಕು. ದುಡ್ಡು ಎಲ್ಲಿಂದ ಬಂತು, ಮೇಲೆ ಕೇಸುಗಳಿವೆಯಾ, ಹಿಂದೆ ಯಾವುದಾದರೂ ಕ್ಲಬ್ ಮುಳುಗಿಸಿದ್ದಾರಾ, ಎಲ್ಲ ನೋಡುತ್ತಾರೆ. 777 ಈ ಬಾಗಿಲು ದಾಟಲೇ ಇಲ್ಲ. ಎಂಟು ತಿಂಗಳು ಹೊರಗೇ ನಿಂತು, ಕೊನೆಗೆ ಗಡುವು ಮುಗಿಯಿತು.

ಕಾಯೋದು ಎಷ್ಟು ದಿನ ಅಂತ ಕೇಳಿದರೆ ಲೆಕ್ಕವೇ ಇಲ್ಲ. ನ್ಯೂಕಾಸಲ್‌ನವರು 2020ರ ಏಪ್ರಿಲ್‌ನಲ್ಲಿ ಸೌದಿ ಹಣದ ಖರೀದಿ ಸುದ್ದಿ ಕೇಳಿ ಕುಣಿದರು, ಜುಲೈನಲ್ಲಿ ಖರೀದಿದಾರರು ಹಿಂದೆ ಸರಿದರು, ಜನ ಅತ್ತರು, ಮತ್ತೆ ಎಲ್ಲ ಜೀವ ಬಂದು ಮಾರಾಟ ಮುಗಿದದ್ದು 2021ರ ಅಕ್ಟೋಬರ್ 7ಕ್ಕೆ. ನಮ್ಮ ಎವರ್ಟನ್‌ದು ಕೇಳಿ: 777 ಹೋದ ಮೇಲೆ ಅಮೆರಿಕದ ಫ್ರೀಡ್ಕಿನ್ ಗ್ರೂಪ್ ಬಂತು, 2024ರ ಜುಲೈನಲ್ಲಿ ಅವರೂ ಬೇಡ ಅಂತ ಎದ್ದು ಹೋದರು, ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದು ಒಪ್ಪಂದ ಮಾಡಿಕೊಂಡರು, ಡಿಸೆಂಬರ್ 19ಕ್ಕೆ ಮುಗಿಸಿದರು.

ಹಾಗಾಗಿ ಹುಡುಕಬೇಕಾದ ಪದ ಒಂದೇ. ಕ್ಲಬ್ಬಿನ ಸ್ವಂತ ಹೇಳಿಕೆಯಲ್ಲಿ "ಕಂಪ್ಲೀಟೆಡ್" ಅಂತ ಇದೆಯಾ? ಇಲ್ಲ ಅಂದ್ರೆ ಸ್ವೀಟ್ ಅಂಗಡಿ ಕಡೆ ಹೋಗಬೇಡಿ.

ದುಡ್ಡು ಯಾರದು, ಎಷ್ಟು ಪಾಲು

ಎಷ್ಟು ದುಡ್ಡಿಗೆ ಕೊಂಡರು ಅನ್ನೋದಕ್ಕಿಂತ ಆ ದುಡ್ಡು ಎಲ್ಲಿಂದ ತಂದರು ಅನ್ನೋದು ಮುಖ್ಯ. ಗ್ಲೇಜರ್ ಕುಟುಂಬ 2005ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡಿತಲ್ಲ, ಬಹುಪಾಲು ಸಾಲದ ದುಡ್ಡು. ಆ ಸಾಲದ ದೊಡ್ಡ ಭಾರ ಬಂದು ಕೂತಿದ್ದು ಕ್ಲಬ್ಬಿನ ತಲೆ ಮೇಲೆ. ಅಂದ್ರೆ ನೀವು ಮನೆ ಕೊಂಡು, ಇಎಂಐ ಕಟ್ಟೋಕೆ ಮನೆಗೇ ಹೇಳಿದ ಹಾಗೆ. ಅಲ್ಲಿಯವರೆಗೆ ಸಾಲವೇ ಇಲ್ಲದ ಕ್ಲಬ್ಬು ಅದು.

ಇನ್ನೊಂದು, ಎಲ್ಲ ಟೇಕೋವರೂ ಪೂರ್ತಿ ಟೇಕೋವರ್ ಅಲ್ಲ. ಬ್ರಿಟಿಷ್ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ 2024ರ ಫೆಬ್ರವರಿಯಲ್ಲಿ ಯುನೈಟೆಡ್‌ಗೆ ಬಂದಾಗ ಅವರ ಪಾಲು 27.7% ಮಾತ್ರ. ಫುಟ್‌ಬಾಲ್ ವಿಷಯ ನೋಡಿಕೊಳ್ಳುವ ಜವಾಬ್ದಾರಿ ಅವರಿಗೆ ಬಂತು, ಬಹುಪಾಲು ಒಡೆತನ ಗ್ಲೇಜರ್‌ಗಳ ಬಳಿಯೇ ಉಳಿಯಿತು. ಹಳಬರು ಹೋದರು ಅಂತ ಪಟಾಕಿ ಹೊಡೆದ ನನ್ನ ಗೆಳೆಯನಿಗೆ ಇದನ್ನು ಅರ್ಥ ಮಾಡಿಸೋಕೆ ಎರಡು ಕಾಫಿ ಬೇಕಾಯಿತು.

ಇದನ್ನೆಲ್ಲ ಹುಡುಕೋದು ಕಷ್ಟ ಏನಲ್ಲ. ಬ್ರಿಟನ್ನಿನ ಕಂಪನಿಗಳ ಲೆಕ್ಕಪತ್ರ ಕಂಪನೀಸ್ ಹೌಸ್ ಅನ್ನೋ ಸರ್ಕಾರಿ ದಾಖಲೆಯಲ್ಲಿ ಪುಕ್ಕಟೆ ಸಿಗುತ್ತದೆ. ಪೂರ್ತಿ ಓದಬೇಕಿಲ್ಲ. ಸಾಲ ಎಷ್ಟು, ಯಾರಿಗೆ, ಯಾವಾಗ ತೀರಿಸಬೇಕು, ಇಷ್ಟು ನೋಡಿ ಸಾಕು.

ಅವರ ಇನ್ನೊಂದು ಮನೆ ಹೇಗಿದೆ ನೋಡಿ

ಹೆಣ್ಣು ಕೊಡುವಾಗ ಹುಡುಗನ ಊರಲ್ಲಿ ವಿಚಾರಿಸ್ತಾರಲ್ಲ, ಆ ಕೆಲಸ ಇದು. ನನ್ನ ಪ್ರಕಾರ ಅತಿ ಹೆಚ್ಚು ಉಪಯೋಗಕ್ಕೆ ಬರೋದೂ ಇದೇ. ಈಗಿನ ಮಾಲೀಕರಲ್ಲಿ ಹಲವರಿಗೆ ಇನ್ನೊಂದು ಕ್ಲಬ್ ಇರುತ್ತದೆ. ಅಲ್ಲಿ ಏನು ಮಾಡಿದ್ದಾರೋ ಇಲ್ಲೂ ಹೆಚ್ಚುಕಮ್ಮಿ ಅದನ್ನೇ ಮಾಡುತ್ತಾರೆ.

ಫ್ರೀಡ್ಕಿನ್ ಗ್ರೂಪಿನ ಯಜಮಾನ ಡ್ಯಾನ್ ಫ್ರೀಡ್ಕಿನ್ ಎವರ್ಟನ್‌ಗೆ ಬರ್ತಾರೆ ಅಂದಾಗ ನಾನು ಇಟಲಿಯ ರೋಮಾ ಕ್ಲಬ್ ಕಡೆ ತಿರುಗಿದೆ. 2020ರಿಂದ ಅದು ಅವರದು. ಒಳ್ಳೆಯದು ಇತ್ತು: ಹೆಸರಾಂತ ಮ್ಯಾನೇಜರ್ ಮೊರಿನ್ಯೊ ಅವರನ್ನು ಕರೆತಂದರು, 2022ರಲ್ಲಿ ಯುರೋಪಿನ ಕಾನ್ಫರೆನ್ಸ್ ಲೀಗ್ ಕಪ್ ಗೆದ್ದರು. ಎದೆ ಝಲ್ ಅನ್ನಿಸುವುದೂ ಇತ್ತು. 2024ರ ಜನವರಿಯಲ್ಲಿ ಮೊರಿನ್ಯೊ ಹೊರಗೆ, ರೋಮಾದ ಮನೆಮಗನಂತಿದ್ದ ಡೆ ರೊಸ್ಸಿ ಒಳಗೆ. ಬೇಸಿಗೆಯಲ್ಲಿ ಅವರಿಗೆ ಹೊಸ ಕರಾರು ಕೊಟ್ಟರು, ಸೆಪ್ಟೆಂಬರ್‌ನಲ್ಲಿ ಸೀಸನ್ನಿನ ನಾಲ್ಕೇ ಲೀಗ್ ಮ್ಯಾಚ್ ಆದ ಮೇಲೆ ತೆಗೆದರು. ಬಂದ ಯೂರಿಚ್ ನವೆಂಬರ್‌ಗೇ ಔಟ್. ಆಮೇಲೆ ರನಿಯೆರಿ. ಒಂದೇ ವರ್ಷದಲ್ಲಿ ನಾಲ್ಕು ಜನ. ಹಾಗಾಗಿ ಫ್ರೀಡ್ಕಿನ್ ಬಂದ ದಿನವೇ ನಾನು ಹೇಳಿದ್ದೆ, ಆಗಿನ ನಮ್ಮ ಮ್ಯಾನೇಜರ್ ಶಾನ್ ಡೈಚ್ ಅವರ ಸೂಟ್‌ಕೇಸ್ ರೆಡಿ ಇರಲಿ ಅಂತ. ಈ ಒಂದು ಸಲ ನನ್ನ ಮಾತು ನಿಜವಾಯಿತು.

ಕ್ಲಬ್ ನಡೆಸಿ ಅನುಭವವೇ ಇಲ್ಲದವರು ಬಂದರೆ ಜಾಸ್ತಿ ಹುಷಾರು. ಇದಕ್ಕೆ ನಮ್ಮ ದೇಶದವರದೇ ಉದಾಹರಣೆ ಇದೆ. ಕೋಳಿ ಉದ್ಯಮದಲ್ಲಿ ಹೆಸರು ಮಾಡಿದ ಪುಣೆಯ ವೆಂಕಿಸ್ 2010ರ ನವೆಂಬರ್‌ನಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಕೊಂಡರು. 1995ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ಕ್ಲಬ್. ಒಂದು ತಿಂಗಳೊಳಗೆ ಅನುಭವಿ ಸ್ಯಾಮ್ ಅಲರ್ಡೈಸ್ ಅವರನ್ನು ಕಳಿಸಿ, ಮ್ಯಾನೇಜರ್ ಆಗಿ ಕೆಲಸ ಮಾಡಿ ಗೊತ್ತಿಲ್ಲದ ಸ್ಟೀವ್ ಕೀನ್ ಕೈಗೆ ಟೀಮ್ ಕೊಟ್ಟರು. 2012ರ ಮೇನಲ್ಲಿ ವಿಗನ್ ವಿರುದ್ಧ ಸೋತು ಕೆಳಗಿನ ಡಿವಿಷನ್‌ಗೆ ಬಿದ್ದ ರಾತ್ರಿ ಯಾರೋ ಮೈದಾನಕ್ಕೆ ಜೀವಂತ ಕೋಳಿ ಬಿಟ್ಟಿದ್ದರು, ಅದರ ಮೈಮೇಲೆ ಕ್ಲಬ್ಬಿನ ಬಾವುಟ. 2017ರಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಕ್ಕೆ ಹೋದರು. ಭಾರತದವರು ಇಂಗ್ಲಿಷ್ ಕ್ಲಬ್ ಕೊಂಡರು ಅಂತ ಆಗ ಖುಷಿಪಟ್ಟವರಲ್ಲಿ ನಾನೂ ಒಬ್ಬ, ಸುಮ್ನೆ ಹೇಳಿಬಿಡ್ತೀನಿ.

ಹಳೆ ಮ್ಯಾನೇಜರ್ ಎಷ್ಟು ದಿನ ಇರ್ತಾರೆ

ಹೊಸ ಮಾಲೀಕರು "ಮ್ಯಾನೇಜರ್ ಮೇಲೆ ನಮಗೆ ಪೂರ್ತಿ ನಂಬಿಕೆ ಇದೆ" ಅನ್ನುತ್ತಾರೆ. ಕ್ಯಾಲೆಂಡರ್ ತೆಗೆದು ಗುರುತು ಹಾಕಿ. ನ್ಯೂಕಾಸಲ್‌ನಲ್ಲಿ ಸ್ಟೀವ್ ಬ್ರೂಸ್ ಉಳಿದದ್ದು 13 ದಿನ. ಡೈಚ್ 21 ದಿನ, ಅದೂ ಎಫ್‌ಎ ಕಪ್ ಮ್ಯಾಚ್ ಶುರುವಾಗೋಕೆ ಕೆಲವು ಗಂಟೆ ಇರುವಾಗ ಹೋದರು. ಚೆಲ್ಸಿಯಲ್ಲಿ ಅಮೆರಿಕದ ಬೋಯ್ಲಿ ಅವರ ಹೊಸ ಮಾಲೀಕರ ಗುಂಪು 2022ರ ಮೇ 30ಕ್ಕೆ ಬಂತು, ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟಿದ್ದ ಟುಕೆಲ್ ಸರಿಯಾಗಿ ನೂರನೇ ದಿನ ಔಟ್. ಯುನೈಟೆಡ್‌ನಲ್ಲಿ ಟೆನ್ ಹಾಗ್ ಎಂಟು ತಿಂಗಳು ತಳ್ಳಿದರು, ನಡುವೆ ಕರಾರು ಬೇರೆ ವಿಸ್ತರಣೆ ಆಗಿತ್ತು. ಆದ್ದರಿಂದ ವಿಸ್ತರಣೆ ಸುದ್ದಿ ಕೇಳಿ ಸಮಾಧಾನ ಮಾಡಿಕೊಳ್ಳಬೇಡಿ.

ಯಾರು ಬರುತ್ತಾರೆ ಅನ್ನೋ ಆಟಕ್ಕೆ ಇಳಿಯಲೇಬೇಡಿ. 2021ರ ನವೆಂಬರ್ ಶುರುವಿನಲ್ಲಿ ಆಗ ಸ್ಪೇನಿನ ವಿಯಾರಿಯಲ್ ಕ್ಲಬ್ಬಿನಲ್ಲಿದ್ದ ಉನಾಯ್ ಎಮೆರಿ ನ್ಯೂಕಾಸಲ್‌ಗೆ ಬಂದೇಬಿಟ್ಟರು ಅನ್ನುವ ಹಾಗೆ ಸುದ್ದಿ ಇತ್ತು. ನವೆಂಬರ್ 3ಕ್ಕೆ ಅವರೇ, ನಾನು ವಿಯಾರಿಯಲ್‌ನಲ್ಲೇ ಇರ್ತೀನಿ ಅಂದರು. ಐದು ದಿನದ ನಂತರ ಎಡ್ಡಿ ಹೋವ್ ಹೆಸರು ಬಂತು, "ಇವರಾ?" ಅಂತ ಮೂಗು ಮುರಿದವರು ಕಡಿಮೆ ಇರಲಿಲ್ಲ. ಅದೇ ಹೋವ್ 2025ರ ಮಾರ್ಚ್‌ನಲ್ಲಿ ಲಿವರ್‌ಪೂಲ್ ಸೋಲಿಸಿ ಲೀಗ್ ಕಪ್ ಗೆದ್ದುಕೊಟ್ಟರು. 1955ರಿಂದ ಈಚೆಗೆ ನ್ಯೂಕಾಸಲ್‌ಗೆ ಇಂಗ್ಲೆಂಡಿನಲ್ಲಿ ಸಿಕ್ಕ ಮೊದಲ ದೊಡ್ಡ ಕಪ್ಪು. ಏರ್‌ಪೋರ್ಟಿಗೆ ಬಂದ ವಿಮಾನದ ನಂಬರ್ ಹಿಡಿದು ಯಾರು ಇಳಿದರು ಅಂತ ನೋಡುತ್ತಾ ಕೂರೋ ಬದಲು, ಹೆಸರು ಬಂದ ಮೇಲೆ ಕರಾರಿನ ಅವಧಿ ನೋಡಿ. ಸೀಸನ್ ಮುಗಿಯೋ ತನಕ ಅಂತಿದ್ದರೆ ಮಾಲೀಕರಿಗೇ ಇನ್ನೂ ತೀರ್ಮಾನವಾಗಿಲ್ಲ. ಹೋವ್‌ಗೂ, ಎವರ್ಟನ್‌ಗೆ ಡೈಚ್ ಜಾಗಕ್ಕೆ ಬಂದ ಡೇವಿಡ್ ಮೋಯ್ಸ್‌ಗೂ ಕೊಟ್ಟಿದ್ದು ಎರಡೂವರೆ ವರ್ಷ.

ಹತ್ತು ಲೀಗ್ ಮ್ಯಾಚ್ ತನಕ ಬಾಯಿ ಮುಚ್ಚಿ

ಇದು ನಾನು ನನಗೇ ಹಾಕಿಕೊಂಡ ಕಟ್ಟಳೆ. ಒಂದು ಹಳೇ ನೋಟ್‌ಬುಕ್ ಸಾಕು. ಹೊಸ ಮ್ಯಾನೇಜರ್ ಬಂದ ದಿನ ಮೂರು ವಿಷಯ ಬರೆದಿಡಿ: ಟೀಮ್ ಎಷ್ಟನೇ ಸ್ಥಾನದಲ್ಲಿದೆ, ಎಷ್ಟು ಪಾಯಿಂಟ್, ಎಷ್ಟು ಗೋಲ್ ಹೊಡೆದಿದೆ. ಅದರ ಕೆಳಗೆ ನಿಮ್ಮ ಭವಿಷ್ಯ. ಅಳಿಸುವ ಹಾಗಿಲ್ಲ. ಹತ್ತು ಲೀಗ್ ಮ್ಯಾಚ್ ಆದ ಮೇಲೆ ತೆಗೆದು ನೋಡಿ.

ಒಂದೆರಡು ಮ್ಯಾಚ್‌ನಿಂದ ಏನೂ ಗೊತ್ತಾಗಲ್ಲ. ಹೋವ್ ಬಂದ ಮೇಲೆ ನ್ಯೂಕಾಸಲ್ ಲೀಗಿನಲ್ಲಿ ಮೊದಲ ಗೆಲುವು ಕಂಡದ್ದು ಸೀಸನ್ನಿನ ಹದಿನೈದನೇ ಪಂದ್ಯದಲ್ಲಿ, ಜನವರಿಯಲ್ಲಿ ಕೇಂಬ್ರಿಜ್ ಯುನೈಟೆಡ್ ಅನ್ನೋ ಮೂರನೇ ದರ್ಜೆಯ ಟೀಮ್ ತಮ್ಮ ಮನೆಗೇ ಬಂದು ಎಫ್‌ಎ ಕಪ್‌ನಿಂದ ಹೊರಗೆ ಹಾಕಿತು, ಅವತ್ತು ಅಭಿಪ್ರಾಯ ಕೇಳಿದ್ದರೆ ಊರಿಗೆ ಊರೇ ಬೈಯುತ್ತಿತ್ತು. ಸೀಸನ್ ಮುಗಿದಾಗ 11ನೇ ಸ್ಥಾನ.

ನನ್ನ ನೋಟ್‌ಬುಕ್‌ನಲ್ಲಿ 2025ರ ಜನವರಿಯ ಪುಟ ಹೀಗಿದೆ: 19 ಮ್ಯಾಚ್, 17 ಪಾಯಿಂಟ್, 15 ಗೋಲ್, 16ನೇ ಸ್ಥಾನ, ಕೆಳಗೆ ಬೀಳೋ ಗುಂಡಿಗೆ ಒಂದೇ ಪಾಯಿಂಟ್ ದೂರ. ಮೋಯ್ಸ್ ಹೆಸರಿನ ಮುಂದೆ "ತಂಗಳನ್ನ" ಅಂತ ಬರೆದಿದ್ದೇನೆ. ಯಾಕಂದ್ರೆ ಅವರು 2002ರಿಂದ 2013ರ ತನಕ ಎವರ್ಟನ್‌ನಲ್ಲೇ ಇದ್ದವರು, ಹೊಸ ಮಾಲೀಕರು ಹೊಸ ತಲೆ ತರ್ತಾರೆ ಅಂತ ನಾನು ಕಾದಿದ್ದೆ. ಆ ಪುಟ ಈಗ ನೋಡೋಕೆ ನಾಚಿಕೆ.

ಟ್ರಾನ್ಸ್‌ಫರ್ ಬಗ್ಗೆ ಒಂದೇ ಮಾತು

ಸಾಹುಕಾರ ಬಂದ ಅಂದ ಕೂಡಲೇ ಅವನನ್ನ ಕೊಳ್ಳಿ, ಇವನನ್ನ ಕೊಳ್ಳಿ ಅನ್ನೋ ಪಟ್ಟಿ ಮಾಡಬೇಡಿ. ಮಾಲೀಕರ ಜೇಬು ಎಷ್ಟೇ ದೊಡ್ಡದಿರಲಿ, ಕ್ಲಬ್ ಎಷ್ಟು ಖರ್ಚು ಮಾಡಬಹುದು ಅನ್ನೋದಕ್ಕೆ ಲೀಗಿನ ಮಿತಿ ಇದೆ. 2023ರ ಹೊತ್ತಿನ ನಿಯಮದಲ್ಲಿ ಮೂರು ವರ್ಷಕ್ಕೆ ಒಟ್ಟು ನಷ್ಟ 10.5 ಕೋಟಿ ಪೌಂಡ್ ದಾಟಬಾರದಿತ್ತು. ಇದನ್ನು ಮೀರಿದ್ದಕ್ಕೇ ಎವರ್ಟನ್‌ಗೆ 2023ರ ನವೆಂಬರ್‌ನಲ್ಲಿ 10 ಪಾಯಿಂಟ್ ಕಡಿತ ಆಯ್ತು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು, ಆಮೇಲೆ ಇನ್ನೊಂದು ಕೇಸಿನಲ್ಲಿ ಮತ್ತೆ 2 ಹೋಯಿತು. ಸೌದಿ ದುಡ್ಡಿನ ನ್ಯೂಕಾಸಲ್ ಕೂಡ 2024ರ ಜೂನ್‌ನಲ್ಲಿ ಲೆಕ್ಕ ಸರಿಮಾಡೋಕೆ ಎಲಿಯಟ್ ಆ್ಯಂಡರ್ಸನ್ ಅನ್ನೋ ತಮ್ಮೂರಿನ ಹುಡುಗನನ್ನೇ ಮಾರಬೇಕಾಯಿತು.

ಇಷ್ಟು ದೂರದಿಂದ ನಾವೇನು ಮಾಡಬಹುದು

ನಿಜ ಹೇಳಬೇಕು ಅಂದ್ರೆ, ಜಾಸ್ತಿ ಏನೂ ಇಲ್ಲ. ಅಲ್ಲಿನವರು ಸ್ಟೇಡಿಯಂ ಹೊರಗೆ ಬ್ಯಾನರ್ ಹಿಡಿಯುತ್ತಾರೆ, ಪ್ರೀಮಿಯರ್ ಲೀಗ್ ಕ್ಲಬ್ಬುಗಳಲ್ಲಿ ಅಭಿಮಾನಿಗಳ ಸಲಹಾ ಮಂಡಳಿ ಇದೆ, ಅದರಲ್ಲಿ ಕೂತು ಮಾತಾಡುತ್ತಾರೆ. 2025ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಹೊಸ ಕಾನೂನು ಬಂದು, ಕ್ಲಬ್ ಮಾಲೀಕರ ಮೇಲೆ ಕಣ್ಣಿಡೋಕೆ ಸ್ವತಂತ್ರ ನಿಯಂತ್ರಕರೂ ಆಗಿದ್ದಾರೆ. ನಮ್ಮ ಕೈಲಿರೋದು ನಮ್ಮ ನಿದ್ದೆ. ಮಾರಾಟದ ಸುದ್ದಿ ದಿನಕ್ಕೆ ಒಂದು ಸಲ ನೋಡಿ, ಬೆಳಿಗ್ಗೆ ಕಾಫಿ ಜೊತೆ. ರಾತ್ರಿ ನೋಡಬೇಡಿ. ರಾತ್ರಿ ಮ್ಯಾಚ್ ಇದ್ದರೆ ಮ್ಯಾಚ್ ನೋಡಿ.

ಮೋಯ್ಸ್ ಅವರ ಮೊದಲ ಮ್ಯಾಚ್ ಆಸ್ಟನ್ ವಿಲ್ಲಾ ಜೊತೆ, ನಮ್ಮ ಲೆಕ್ಕದಲ್ಲಿ ರಾತ್ರಿ ಒಂದರ ಮೇಲೆ. 1-0 ಸೋತರು. ಟಿವಿ ಆರಿಸಿ, ನೋಟ್‌ಬುಕ್‌ನಲ್ಲಿ "1" ಅಂತ ಬರೆದು ಮಲಗಿದೆ. ನಾಲ್ಕು ದಿನ ಆದ ಮೇಲೆ ಟಾಟೆನ್‌ಹ್ಯಾಮ್ ಮೇಲೆ 3-2 ಗೆದ್ದರು. ಫೆಬ್ರವರಿಯಲ್ಲಿ ನಮ್ಮ ಹಳೇ ಮೈದಾನ ಗುಡಿಸನ್ ಪಾರ್ಕಿನಲ್ಲಿ ಕೊನೆಯ ಡರ್ಬಿ, ಅಂದ್ರೆ ಒಂದೇ ಊರಿನ ಎದುರಾಳಿಗಳ ಮ್ಯಾಚ್, ಲಿವರ್‌ಪೂಲ್ ವಿರುದ್ಧ 98ನೇ ನಿಮಿಷದಲ್ಲಿ ಟಾರ್ಕೋವ್ಸ್ಕಿ ಬಾರಿಸಿದ ಗೋಲ್‌ಗೆ ನಾನು ಕೂಗಿದ್ದು ಕೇಳಿ ಮೇಲಿನ ಮನೆಯವರು ಲೈಟ್ ಹಾಕಿದರು. ಮಾರ್ಚ್ 15ಕ್ಕೆ ಹತ್ತನೇ ಲೀಗ್ ಮ್ಯಾಚ್ ಮುಗಿಯಿತು. ಕೂಡಿ ನೋಡಿದರೆ 17 ಪಾಯಿಂಟ್. ಮೊದಲು 19 ಮ್ಯಾಚ್‌ಗೆ ಬಂದಿದ್ದೂ ಅಷ್ಟೇ.

ಮಾಲೀಕರು ಬದಲಾದ ದಿನ ತರದೇ ಇದ್ದ ಪಾಕ್ ಅನ್ನು ಅವತ್ತಿನ ಮಾರನೇ ಸೋಮವಾರ ಆಫೀಸಿಗೆ ತಗೊಂಡು ಹೋದೆ. ಪಕ್ಕದ ಸೀಟಿನವನು ಒಂದು ತುಂಡು ಬಾಯಿಗೆ ಹಾಕಿಕೊಂಡು, "ಈ ಸಲ ರಿಜಿಸ್ಟ್ರೇಷನ್ ಆಯ್ತಾ ಸಾರ್?" ಅಂದ.