ಹೊಸಬರಿಗೆ ಮಾರ್ಗದರ್ಶಿ: ಚಳಿಗಾಲದ ಬೂಟು, ಡಿಗ್ರಿ ಆಮೇಲೆ ನೋಡೋಣ

ಅಕ್ಟೋಬರ್ ಬಂತು ಅಂದ್ರೆ ನಮ್ಮ ಸಂಘದ ವಾಟ್ಸಾಪ್ ಗ್ರೂಪಲ್ಲಿ ಅದೇ ಪ್ರಶ್ನೆ ಶುರು, "ಮೈನಸ್ 30 ಬೂಟ್ ಸಾಕಾ, ಮೈನಸ್ 40ದೇ ಬೇಕಾ?" ಅಂದ್ರೆ ಎಷ್ಟು ಡಿಗ್ರಿ ಚಳಿ ತಡೆಯೋ ಬೂಟು ಅಂತ. ಕೆನಡಾದಲ್ಲಿ ಟೊರೊಂಟೊ, ಮಿಸಿಸಾಗಾ, ಬ್ರಾಂಪ್ಟನ್ ಕಡೆ ಮನೆ ಮಾಡಿರೋರಿಗೆ ಹೇಳೋದು ಏನಂದ್ರೆ, ಮೊದಲು ಜಾರುತ್ತಾ ಇಲ್ವಾ, ನೀರು ಒಳಗೆ ಹೋಗುತ್ತಾ ಇಲ್ವಾ ನೋಡಿ, ಡಿಗ್ರಿ ಆಮೇಲೆ. ನಮ್ಮದು ವಿನ್ನಿಪೆಗ್ ಚಳಿ ಅಲ್ಲ, ಮೈನಸ್ 20 ಮುಟ್ಟೋ ದಿನ ಕೆಲವೇ ಕೆಲವು. ಇಲ್ಲಿ ನಿಜವಾದ ಕಾಟ ಸ್ಲಶ್‌ದು. ಅರ್ಧ ಕರಗಿದ ಹಿಮಕ್ಕೆ ರೋಡಿನ ಉಪ್ಪು ಸೇರಿ ರಾಗಿ ಅಂಬಲಿ ಥರ ಆಗಿ ಫುಟ್‌ಪಾತ್ ಇಳಿಯೋ ಜಾಗದಲ್ಲೇ ಪಾದ ಮುಳುಗೋಷ್ಟು ನಿಂತಿರುತ್ತೆ.

ನಾನು ಬಂದ ಮೊದಲನೇ ವರ್ಷ ಕುಮಾರಪರ್ವತ ಹತ್ತಿದ್ದ ಟ್ರೆಕಿಂಗ್ ಶೂನೇ ಸಾಕು ಅಂತ ಧೈರ್ಯ ಮಾಡಿದ್ದೆ. ಡಿಸೆಂಬರಲ್ಲಿ ಒಂದು ದಿನ ಬಸ್ ಸ್ಟಾಪ್ ಮುಟ್ಟೋದ್ರಲ್ಲಿ ಸಾಕ್ಸ್ ಒದ್ದೆ, ವಾಪಸ್ ಬರ್ತಾ ಮನೆ ಡ್ರೈವ್‌ವೇನಲ್ಲೇ ದಬಕ್ ಅಂತ ಬಿದ್ದು, ಕೈಲಿದ್ದ ಕವರಿಂದ ಕರಿಬೇವು ಕೊತ್ತಂಬರಿ ಎಲ್ಲಾ ಐಸ್ ಮೇಲೆ. ಸೋಲ್ ಮುಟ್ಟಿ ನೋಡಿದ್ರೆ ಬಕೆಟ್ ಪ್ಲಾಸ್ಟಿಕ್ ಥರ ಗಟ್ಟಿ. ಚಳಿಗೆ ರಬ್ಬರ್ ಗಟ್ಟಿ ಆದ್ರೆ ಐಸ್‌ನ ಹಿಡ್ಕೊಳಲ್ಲ, ಕೆಳಗೆ ಎಷ್ಟು ಆಳವಾಗಿ ಪಟ್ಟೆ ಕೊರೆದಿದ್ರೂ ಅಷ್ಟೇ. ಅಂಗಡೀಲಿ ಸೋಲಿಗೆ ಉಗುರು ಒತ್ತಿ ನೋಡಿ, ಸ್ವಲ್ಪ ಮೆತ್ತಗೆ ಒಳಗೆ ಹೋಗಬೇಕು.

ಇನ್ನೂ ಒಳ್ಳೆ ದಾರಿ ಇದೆ. ಟೊರೊಂಟೊದಲ್ಲೇ ಕೈಟ್ ಅನ್ನೋ ಸಂಶೋಧನಾ ಸಂಸ್ಥೆಯವರು ನಿಜವಾದ ಐಸ್ ನೆಲದ ಮೇಲೆ, ಬೀಳದಂಗೆ ಬೆಲ್ಟ್ ಕಟ್ಟಿ ಜನರನ್ನ ನಡೆಸಿ, ನೆಲಾನ ಓರೆ ಮಾಡ್ತಾ ಮಾಡ್ತಾ ಬೂಟು ಟೆಸ್ಟ್ ಮಾಡ್ತಾರೆ. 7 ಡಿಗ್ರಿ ಇಳಿಜಾರಲ್ಲಿ ಜಾರದೆ ಇದ್ರೆ ಒಂದು ಸ್ನೋಫ್ಲೇಕ್ ಗುರುತು ಕೊಡ್ತಾರೆ, 11ಕ್ಕೆ ಎರಡು, 15ಕ್ಕೆ ಮೂರು. 2016ರಲ್ಲಿ ಮೊದಲ ಸಲ ರಿಸಲ್ಟ್ ಬಿಟ್ಟಾಗ ಟೆಸ್ಟ್ ಮಾಡಿದ ಬೂಟಲ್ಲಿ ನೂರಕ್ಕೆ ಹತ್ತೂ ಪಾಸಾಗಿರಲಿಲ್ಲ! ರೇಟ್ ಮೈ ಟ್ರೆಡ್ಸ್ ಅಂತ ಹುಡುಕಿದ್ರೆ ಪಟ್ಟಿ ಸಿಗುತ್ತೆ, ನೋಡ್ಕೊಂಡೇ ಅಂಗಡಿಗೆ ಹೋಗಿ.

ನೀರಿನ ವಿಷಯ. ವಾಟರ್‌ಪ್ರೂಫ್ ಅಂತಲೇ ಬರೆದಿರಬೇಕು, ವಾಟರ್ ರೆಸಿಸ್ಟೆಂಟ್ ಅಂದ್ರೆ ಬರೀ ತುಂತುರು ಮಳೆಗೆ. ಪಾದದ ಭಾಗ ಪೂರ್ತಿ ರಬ್ಬರ್ ಇದ್ರೆ ನಿಶ್ಚಿಂತೆ, ಲೇಸ್ ಬೂಟಾದ್ರೆ ನಾಲಿಗೆ ಎರಡೂ ಪಕ್ಕ ಹೊಲಿದಿರಬೇಕು ಇಲ್ಲಾಂದ್ರೆ ಅಲ್ಲಿಂದಲೇ ನೀರು. ಕುರಿ ಉಣ್ಣೆದು ಮೆತ್ತಗಿನ ಸ್ವೇಡ್ ಬೂಟು ನೋಡಕ್ಕೆ ಚಂದ, ಇನ್‌ಸ್ಟಾಗ್ರಾಂಗೆ ಇಟ್ಕೊಳಿ.

ಈಗ ಡಿಗ್ರಿ. ಡಬ್ಬದ ಮೇಲಿನ ಮೈನಸ್ 32, ಮೈನಸ್ 40 ಎಲ್ಲಾ ಕಂಪನಿಗಳು ಅವರವರ ಲೆಕ್ಕದಲ್ಲಿ ಹಾಕೋದು, ಅದೂ ನೀವು ನಡೀತಾ ಇದ್ರೆ ಮಾತ್ರ, ಬಸ್ ಸ್ಟಾಪಲ್ಲಿ ಇಪ್ಪತ್ತು ನಿಮಿಷ ಕಂಬದ ಥರ ನಿಂತ್ರೆ ಆ ಲೆಕ್ಕ ನಡೆಯಲ್ಲ. ಥಿನ್ಸುಲೇಟ್ (ಬೂಟೊಳಗೆ ಚಳಿ ತಡೆಯೋಕೆ ಹಾಕೋ ಪದರ) 200, 400 ಅಂತ ಇರೋದು ಆ ಪದರ ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ಅಂತ. ಕಾರಿಂದ ಇಳಿದು ಆಫೀಸಿಗೆ ಹೋಗೋರಿಗೆ 200 ಸಾಕು, ಬಸ್ಸಿನವರು 400 ತಗೊಳಿ. ಅದಕ್ಕಿಂತ ಜಾಸ್ತಿ ಹಾಕ್ಕೊಂಡು ಸಬ್‌ವೇ, ಮಾಲು ಅಂತ ತಿರುಗಿದ್ರೆ ಕಾಲು ಬೆವರಿ ಅದೇ ಬೆವರಿಗೆ ಹೊರಗೆ ಬಂದಾಗ ಬೆರಳು ಮರಗಟ್ಟುತ್ತೆ. ಒಳಗಿನ ಲೈನರ್ ಬಿಚ್ಚೋ ಥರದ್ದು ಸಿಕ್ರೆ ರಾತ್ರಿ ತೆಗೆದು ಒಣಗಿಸಬಹುದು.

ಸೈಜಲ್ಲಿ ಎಲ್ಲರೂ ಎಡವ್ತಾರೆ. ನಮ್ಮೂರಿನ ನಂಬರ್ ಬೇರೆ, ಗಂಡಸರು ಒಂದು ಕೂಡಿಸಿ (ಅಲ್ಲಿ 8 ಅಂದ್ರೆ ಇಲ್ಲಿ 9), ಹೆಂಗಸರು ಎರಡು ಕೂಡಿಸಿ. ಆಮೇಲೆ ದಪ್ಪ ಉಣ್ಣೆ ಸಾಕ್ಸ್ ಹಾಕ್ಕೊಂಡೇ ಟ್ರೈ ಮಾಡಿ, ಬೆರಳು ಆಡಬೇಕು. ಬಿಗಿ ಆದ್ರೆ ರಕ್ತ ಓಡಲ್ಲ, ಎಷ್ಟು ದುಡ್ಡು ಕೊಟ್ಟ ಬೂಟಾದ್ರೂ ಕಾಲು ತಣ್ಣಗೆ. ಕಾಟನ್ ಸಾಕ್ಸ್ ಬೇಡವೇ ಬೇಡ, ಎರಡು ಜೊತೆ ಹಾಕೋದೂ ಬೇಡ.

ಮಕ್ಕಳಿಗೆ ಹೊಸದೇ ಬೇಕು ಅಂತಿಲ್ಲ, ಒಂದೇ ಸೀಸನ್‌ಗೆ ಕಾಲು ಬೆಳೆದುಬಿಡುತ್ತೆ, ವ್ಯಾಲ್ಯೂ ವಿಲೇಜ್ ಅನ್ನೋ ಸೆಕೆಂಡ್ ಹ್ಯಾಂಡ್ ಅಂಗಡೀಲಿ ಹುಡುಕಿ, ಸೋಲ್ ಬಿರುಕು ಬಿಟ್ಟಿಲ್ವಾ ಅಂತ ಮಡಚಿ ನೋಡಿ. ವೆಲ್ಕ್ರೋ ಇರೋದೇ ತಗೊಳಿ, ಕಿಂಡರ್‌ಗಾರ್ಟನ್‌ನಲ್ಲಿ ರಿಸೆಸ್‌ಗೆ ಹೋಗೋವಾಗ ಮಗು ತಾನೇ ಹಾಕ್ಕೋಬೇಕು. ಸ್ನೋ ಪ್ಯಾಂಟ್ ಮೊದಲು, ಬೂಟು ಆಮೇಲೆ, ಪ್ಯಾಂಟಿನ ಎಲಾಸ್ಟಿಕ್ ಬೂಟಿನ ಮೇಲೆ ಬರಬೇಕು, ಮನೇಲೇ ನಾಲ್ಕು ದಿನ ಪ್ರಾಕ್ಟೀಸ್ ಮಾಡಿಸಿ. ಕ್ಲಾಸ್ ಒಳಗೆ ಹಾಕೋ ಶೂ ಬೇರೆ ಕಳಿಸಬೇಕು.

ಊರಿಂದ ಅಪ್ಪ ಅಮ್ಮ ಬರ್ತಿದ್ರೆ ಹಗುರವಾದ, ಪಕ್ಕದಲ್ಲಿ ಜಿಪ್ ಇರೋ ಬೂಟು ನೋಡಿ, ಬಗ್ಗಿ ಲೇಸ್ ಕಟ್ಟೋಕೆ ಅವರಿಗಾಗಲ್ಲ. ವಾಕಿಂಗ್ ಬಿಡಲ್ಲ ಅನ್ನೋರಾದ್ರೆ ಬೂಟಿನ ಮೇಲೆ ಹಾಕೋ ಮುಳ್ಳಿನ ಕ್ಲೀಟ್ಸ್ ಸಿಗುತ್ತೆ, ಆದ್ರೆ ಅಂಗಡಿ ಟೈಲ್ಸ್ ಮೇಲೆ ಅದೇ ಜಾರುತ್ತೆ, ಬಾಗಿಲಲ್ಲೇ ಬಿಚ್ಚಿಸಿ.

ಕೊಳ್ಳೋದಾದ್ರೆ ನವೆಂಬರ್ ಒಳಗೆ ಮುಗಿಸಿ, ಆಮೇಲೆ ಡಿಸ್ಕೌಂಟ್ ಇರುತ್ತೆ ಸೈಜ್ ಇರಲ್ಲ. ಬೂಟಿನ ಮೇಲೆ ಉಪ್ಪಿನ ಬಿಳಿ ಕಲೆ ಬಂದ್ರೆ ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಒರೆಸಿ, ಒದ್ದೆ ಆದ್ರೆ ನ್ಯೂಸ್‌ಪೇಪರ್ ತುರುಕಿಡಿ, ಹೀಟರ್ ಮೇಲೆ ಮಾತ್ರ ಇಡಬೇಡಿ.

ಹಾಂ, ಬೂಟಿನ ಹಿಂದಿನ ಕುಣಿಕೆಗೆ ಒಂದು ಬಣ್ಣದ ದಾರ ಕಟ್ಟಿ. ಸಂಕ್ರಾಂತಿ ಕಾರ್ಯಕ್ರಮದ ದಿನ ಹಾಲ್ ಬಾಗಿಲಲ್ಲಿ ನೂರಾರು ಜೊತೆ ಕಪ್ಪು ಬೂಟು ಬಿದ್ದಿರುತ್ತೆ, ಹೋದ ಸಲ ನನ್ನ ಮನೆಗೆ ಎಡಗಾಲಿಂದು 9, ಬಲಗಾಲಿಂದು 10 ಬಂದಿತ್ತು.